ಚುಕ್ಕೆ ತಪ್ಪಿದ ತೋಟಾಗಳು

"ಕೋಳ ಹಾಕು, ಟಾಲಂಡ್" ಎಂದು ಆನ್ಸೆಲ್ ರುಡ್‌ಕ್ವಿಸ್ಟ್ ಎರಡೂ ಮಣಿಕಟ್ಟುಗಳನ್ನು ಮುಂದಕ್ಕೆ ಚಾಚಿದ. "ನಾನೇ ಮಾಡಿದ್ದು. ಬರ್ಕೋ."

ಪತ್ತೇದಾರಿಣಿ ಮರ್ವಾ ಟಾಲಂಡ್ ಷೆಡ್ಡಿನ ಬಾಗಿಲಲ್ಲೇ ನಿಂತು ಬೂಟಿನ ಕೆಸರನ್ನು ಹೊಸ್ತಿಲಿಗೆ ಒರೆಸಿದಳು. ಅವಳ ಒಂದು ಕೈಯಲ್ಲಿ ಸೀಲು ಹಾಕಿದ ಪೆಟ್ಟಿಗೆ, ಇನ್ನೊಂದರಲ್ಲಿ ಆರಿ ತಣ್ಣಗಾದ ಕಾಫಿ.

"ಕೋಳ ಕಾರಲ್ಲಿದೆ. ಮತ್ತೆ ಅಲ್ಲೀವರೆಗೂ ನಡಿಯೋಕೆ ನನಗೆ ಬೇಜಾರು. ಕೂತ್ಕೊಳ್ಳಿ, ಮಿಸ್ಟರ್ ರುಡ್‌ಕ್ವಿಸ್ಟ್."

ಕೌಂಟಿಯಲ್ಲಿ ಅವಳು ಹೆಸರು ಹಿಡಿದು ಕರೆಯದ ಮನುಷ್ಯ ಇವನೊಬ್ಬನೇ. ನಲವತ್ತೊಂದು ವರ್ಷವಾಗಿದ್ದರೂ, ಸೊಂಟದಲ್ಲಿ ಪಿಸ್ತೂಲಿದ್ದರೂ, ಶಾಲೆಯಲ್ಲಿ ಲೋಹದ ಕೆಲಸ ಕಲಿಸಿದ ಮೇಷ್ಟ್ರ ಎದುರು ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಅವನಿಗೂ ಅಷ್ಟೇ, ಇವಳು ಇನ್ನೂ ಹಾಜರಿ ಪುಸ್ತಕದ 'ಟಾಲಂಡ್'.

ಶನಿವಾರದ ಸಾವಿರ ಗಜದ ಪಂದ್ಯದಲ್ಲಿ ಕಾರ್ವಿನ್ ಹೋಬರ್ಗನ ರೈಫಲ್ ಏಳನೆಯ ಗುಂಡಿಗೆ ಅವನ ಮುಖದ ಹತ್ತಿರವೇ ಸಿಡಿದು ಚೂರಾಗಿತ್ತು. ಆ ತೋಟಾಗಳನ್ನು ಕೈಯಾರೆ ತುಂಬಿಕೊಟ್ಟವನು ಆನ್ಸೆಲ್. ಇಷ್ಟು ಊರಿಗೆಲ್ಲ ಗೊತ್ತಿತ್ತು. ಮಧ್ಯಾಹ್ನ ಹನ್ನೆರಡರೊಳಗೆ ಮರ್ವಾ ಬೇರೆ ಮಾತು ಹೇಳದಿದ್ದರೆ, ಅಜಾಗರೂಕತೆಯಿಂದ ಇನ್ನೊಬ್ಬನ ಜೀವಕ್ಕೆ ಕುತ್ತು ತಂದ ಆರೋಪಕ್ಕೆ ಸರಕಾರಿ ವಕೀಲರು ಸಹಿ ಹಾಕುವವರಿದ್ದರು. ಈಗ ಹತ್ತೂ ಕಾಲು.

"ಕಾರ್ವಿನ್ ಹೇಗಿದಾನೆ?" ಎಂದು ಆನ್ಸೆಲ್ ಕೇಳಿದ. ಕೇಳುವಾಗ ಅವನ ದನಿ ಒಡೆಯಿತು.

"ಅಪಾಯ ಕಳೀತು ಅಂದ್ರು ಬೆಳಿಗ್ಗೆ. ಕನ್ನಡಕ ಹಾಕ್ಕೊಂಡಿದ್ದಕ್ಕೆ ಎರಡೂ ಕಣ್ಣು ಉಳಿದಿವೆ. ಕೆನ್ನೆಗೆ ಹೊಲಿಗೆ, ಎಡಗೈಲಿ ಎರಡು ಬೆರಳು ಉಳಿಯೋದು ಕಷ್ಟ. ಔಷಧಿ ಮಂಪರಲ್ಲಿದಾನೆ, ಇನ್ನೂ ಎಚ್ಚರ ಆಗಿಲ್ಲ."

ಮುದುಕ ಬೆಂಚಿನ ಮೇಲೆ ಕುಸಿದು ಕೂತ. "ದೇವರು ದೊಡ್ಡವನು" ಎಂದ. ಆಮೇಲೆ ಮತ್ತೆ ಕೈ ಚಾಚಿದ. "ಸರಿ, ಈಗ ಹಾಕು."

"ಯಾಕೆ ಇಷ್ಟು ಆತುರ? ಜೈಲಲ್ಲಿ ಸೋಮವಾರ ಏನಾದ್ರೂ ವಿಶೇಷ ಅಡುಗೆ ಇದೆಯಾ?"

ಅವನು ನಗಲಿಲ್ಲ. ಗೋಡೆಯ ಕಡೆ ಬೆರಳು ತೋರಿಸಿದ. ಅಲ್ಲಿ ಮದ್ದಿನ ಡಬ್ಬಿಗಳು ಅಳತೆಪಟ್ಟಿ ಹಿಡಿದು ಜೋಡಿಸಿದ ಹಾಗೆ ನಿಂತಿದ್ದವು. ಮೇಲಿನ ಹಲಗೆಯಲ್ಲಿ ಪಿಸ್ತೂಲಿನ ಮದ್ದು, ಕೆಳಗಿನ ಹಲಗೆಯಲ್ಲಿ ರೈಫಲ್ಲಿನದು. ಕೆಳಗಿನ ಸಾಲಿನ ತುದಿಯಲ್ಲಿ ಒಂದು ಡಬ್ಬಿ ಮಾತ್ರ ಪರವೂರಿನ ನೆಂಟನ ಹಾಗೆ ಕೂತಿತ್ತು.

"ಅದು ಪಿಸ್ತೂಲಿಂದು. ನನ್ನ ಹೆಂಡತಿ ಇಡೆಲ್ಲಾಳ ರಿವಾಲ್ವರಿಗೆ ಅಂತ ಇಟ್ಟಿರೋದು, ಹುಲ್ಲುಗಾವಲಿನ ಹಾವಿಗೆ. ಮೇಲಿರಬೇಕಾದ್ದು ಕೆಳಗಿದೆ. ಅರ್ಧಕ್ಕರ್ಧ ಖಾಲಿ ಆಗಿದೆ. ರೈಫಲ್ಲಿನ ಮದ್ದು ಹದವಾಗಿ ಉರಿದು ಗುಂಡನ್ನ ತಳ್ಳತ್ತೆ. ಇದು ಒಂದೇ ಏಟಿಗೆ ಹತ್ಕೊಳ್ಳತ್ತೆ, ಉಕ್ಕನ್ನೂ ಬಿಡಲ್ಲ. ನಲವತ್ತಾರು ವರ್ಷದಿಂದ ಈ ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇಡ್ತಾ ಬಂದವನು ನಾನು. ಎರಡು ಡಬ್ಬಿ ಇಟ್ಟ ಹುಡುಗರಿಗೆ ಬೈದು ಓಡಿಸಿದೀನಿ. ಈಗ ನಾನೇ..."

"ಎರಡು ಡಬ್ಬಿ ಇಟ್ಟಿದ್ದು ನೆನಪಿದೆಯಾ?"

"ಇಲ್ಲ."

"ಮತ್ತೆ?"

"ಅದೇ ಕಣೇ ಭಯ!" ಮುದುಕ ಇದ್ದಕ್ಕಿದ್ದಂತೆ ಕೂಗಿದ. "ನೆನಪೇ ಇಲ್ಲ! ತಪ್ಪು ಮಾಡಿದ್ದು ನೆನಪಿದ್ರೆ ತಲೆ ನೆಟ್ಟಗಿದೆ ಅಂತ ಅರ್ಥ. ಜನವರಿಯಿಂದ ಕೈ ನಡುಗ್ತಿದೆ. ಇಡೆಲ್ಲಾಗೆ ಹೇಳಿಲ್ಲ. ಕೈ ಹೋದ್ರೆ ಹೋಗ್ಲಿ ಅಂದ್ಕೊಂಡಿದ್ದೆ. ಈಗ ತಲೇನೂ ಹೋಗಿದೆ ಅಂತಾಯ್ತು. ನನ್ನ ಕೈಲಿ ಓದಿದ ಹುಡುಗನ್ನ ನಾನೇ ಕೊಲ್ಲೋದ್ರಲ್ಲಿದ್ದೆ."

ಜೈಲಿಗೆ ಹೆದರುವವರನ್ನು ಮರ್ವಾ ದಿನಾ ನೋಡುತ್ತಿದ್ದಳು. ಇವನು ಹೆದರಿದ್ದು ತನ್ನ ತಲೆಗೇ. ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಗಡಿಯಾರ ನೋಡಿ, ಕೈಗವಸು ತೊಟ್ಟಳು.

"ನಾನು ಮುಟ್ತೀನಿ, ನೀವು ಬರೀ ನೋಡಿ. ನಿಮ್ಮ ಕೈ ಜೇಬಲ್ಲಿರ್ಲಿ."

ಪೆಟ್ಟಿಗೆಯೊಳಗೆ ಐವತ್ತು ಕುಳಿಗಳಿದ್ದ ಹಸಿರು ಪ್ಲಾಸ್ಟಿಕ್ ಡಬ್ಬ. ಮುಚ್ಚಳದ ಮೇಲೆ ಆನ್ಸೆಲ್‌ನ ದುಂಡು ಅಕ್ಷರದಲ್ಲಿ ಕಾರ್ವಿನ್ ಎಂದು ಬರೆದಿತ್ತು. ಏಳು ಪಂದ್ಯದಲ್ಲಿ ಮುಗಿದಿದ್ದವು. ಒಂದನ್ನು ರಾಜ್ಯದ ಲ್ಯಾಬಿನವರು ಬಿಚ್ಚಿ ನೋಡಿದ್ದರು. ಒಳಗೆ ಪಿಸ್ತೂಲಿನ ಮದ್ದು, ಅದೂ ಅರ್ಧ ಕೊಳವೆಯಷ್ಟೇ. ಉಳಿದ ನಲವತ್ತೆರಡನ್ನು ಎಕ್ಸ್‌ರೇ ಹಿಡಿದು, ಒಳಗಿನ ಮದ್ದು ಕೊಳವೆಯ ಕತ್ತಿನವರೆಗೆ ಬಾರದ ಒಂಬತ್ತಕ್ಕೆ ಹಳದಿ ಚೀಟಿ ಅಂಟಿಸಿದ್ದರು.

"ಒಂಬತ್ತು ಕೆಟ್ಟವು, ಮೂವತ್ಮೂರು ಒಳ್ಳೇವು. ಯಾವ ಮದ್ದು ಅನ್ನೋದನ್ನ ಲ್ಯಾಬಿನವರು ಹೇಳಿದ್ರು. ಯಾರು ತುಂಬಿದ್ದು ಅಂತ ಹೇಳೋಕೆ ಅವರಿಗಾಗಲ್ಲ."

"ನಾನು ಹೇಳ್ತಿದೀನಲ್ಲ, ನಾನೇ ಅಂತ."

"ನಿಮ್ಮ ಮಾತನ್ನ ಯಾರು ನಂಬ್ತಾರೆ? ತಲೆ ಹೋಗಿದೆ ಅಂತ ನೀವೇ ಹೇಳಿದ್ರಿ" ಎಂದು ಮರ್ವಾ ಒಂದು ತೋಟಾವನ್ನು ಎತ್ತಿ ಬೆಳಕಿಗೆ ಹಿಡಿದಳು. ಕಿರುಬೆರಳು ದಪ್ಪದ ಹಿತ್ತಾಳೆ ಕೊಳವೆ, ಅದರ ಬಾಯಿಂದ ಮೂತಿ ಚಾಚಿದ ತಾಮ್ರದ ಗುಂಡು. ತಳದಲ್ಲಿ ಕಿಡಿ ಹೊತ್ತಿಸುವ ಕೇಪಿನ ಪಕ್ಕ, ಅಂಚಿಗೆ, ಸಾಸಿವೆ ಕಾಳಿಗಿಂತ ಚಿಕ್ಕದೊಂದು ಕೆಂಪು ಚುಕ್ಕೆ. "ಇದೇನು? 'ಶಾಯಿ ಕಲೆ, ಅರ್ಥ ತಿಳಿಯದು' ಅಂತ ಬರೆದಿದಾರೆ ಲ್ಯಾಬಿನವರು. ಎಲ್ಲದಕ್ಕೂ ಇದೆ."

"ಕಲೆ ಅಂತೆ, ಕಲೆ!" ಆನ್ಸೆಲ್‌ಗೆ ಮೂರು ದಿನದಲ್ಲಿ ಮೊದಲ ಸಲ ಸಿಟ್ಟು ಬಂತು. "ಓದಿದ ಮುಠ್ಠಾಳರು! ಅದು ಓರೆ ಚುಕ್ಕೆ."

"ಅಂದ್ರೆ?"

"ಎಷ್ಟೇ ಜತನ ಮಾಡಿದ್ರೂ ಗುಂಡು ಕೊಳವೆ ಬಾಯಲ್ಲಿ ನೆಟ್ಟಗೆ ಕೂರಲ್ಲ, ಟಾಲಂಡ್. ಯಾವುದೋ ಒಂದು ಕಡೆ ಇಷ್ಟೇ ಇಷ್ಟು ವಾಲತ್ತೆ, ಕೂದಲಿನ ಕಾಲು ಪಾಲು. ಕಣ್ಣಿಗೆ ಕಾಣಲ್ಲ. ಸಾವಿರ ಗಜದಲ್ಲಿ ಅಷ್ಟೇ ಸಾಕು ಮಾನ ಹೋಗೋಕೆ. ತುಂಬಿ ಮುಗಿದ ಮೇಲೆ ಒಂದೊಂದನ್ನೂ ಗೇಜಿನ ಮೇಲೆ ಉರುಳಿಸಿ, ವಾಲಿದ ಕಡೆ ನೋಡಿ, ಆ ಕಡೆಗೇ ತಳದಲ್ಲಿ ಚುಕ್ಕೆ ಇಡ್ತೀನಿ. ರೈಫಲ್ಲಿಗೆ ಹಾಕುವಾಗ ಎಲ್ಲಾ ಚುಕ್ಕೆ ಆಕಾಶ ನೋಡ್ಬೇಕು. ಆಗ ತಪ್ಪಿದ್ರೂ ಎಲ್ಲವೂ ಒಂದೇ ಕಡೆ ತಪ್ಪತ್ತೆ. ಒಂದೇ ಕಡೆ ತಪ್ಪಿದ್ದನ್ನ ದುರ್ಬೀನಲ್ಲಿ ಸರಿ ಮಾಡ್ಕೋಬಹುದು."

"ಚುಕ್ಕೆ ಇಟ್ಟ ಮೇಲೆ ತೋಟಾನ ಮತ್ತೆ ಬಿಚ್ಚೋದುಂಟಾ?"

"ಹುಚ್ಚಾ ನಿನಗೆ? ಚುಕ್ಕೆ ಬಿತ್ತು ಅಂದ್ರೆ ಕೆಲಸ ಮುಗೀತು. ಅದು ಸಹಿ ಹಾಕಿದ ಹಾಗೆ."

ಮರ್ವಾ ಹಳದಿ ಚೀಟಿಗಳತ್ತ ಕಣ್ಣು ಹಾಯಿಸಿದಳು. ಮುದುಕನಿಗೆ ಇನ್ನೂ ಹೊಳೆದಿರಲಿಲ್ಲ. ಪಾಪ, ತನ್ನನ್ನು ತಾನೇ ಗಲ್ಲಿಗೇರಿಸುವ ಭರದಲ್ಲಿದ್ದ.

"ಗೇಜು ಎಲ್ಲಿದೆ?"

"ಎಡಗಡೆ ಡ್ರಾಯರು. ಎರಡೂ ಕೈಲಿ ಎತ್ತು, ಬೀಳಿಸಬೇಡ."

ಗೇಜೆಂದರೆ ಅಂಗೈಯಗಲದ ಉಕ್ಕಿನ ತೊಟ್ಟಿಲು, ಮೇಲೊಂದು ಮುಳ್ಳಿನ ಗಡಿಯಾರ. ತೋಟಾವನ್ನು ತೊಟ್ಟಿಲಲ್ಲಿಟ್ಟು ಬೆರಳಲ್ಲಿ ಮೆಲ್ಲಗೆ ಉರುಳಿಸಿದರೆ ಗುಂಡಿನ ಓರೆಗೆ ತಕ್ಕಂತೆ ಮುಳ್ಳು ಆಡುತ್ತದೆ. ಮುಳ್ಳು ತುದಿಗೇರಿದಾಗ ಮೇಲಿರುವ ಕಡೆಯೇ ವಾಲಿದ ಕಡೆ.

ಮೊದಲು ಚೀಟಿಯಿಲ್ಲದ ಒಂದನ್ನು ಉರುಳಿಸಿದಳು. ಮುಳ್ಳು ಏರಿತು, ನಿಂತಿತು. ಚುಕ್ಕೆ ನೇರ ಮೇಲೆ.

"ಮೆಲ್ಲಗೆ" ಎಂದ ಆನ್ಸೆಲ್. "ಚಪಾತಿ ಲಟ್ಟಿಸ್ತಿಲ್ಲ ನೀನು."

ಎರಡನೆಯದೂ ಹಾಗೆಯೇ. ಹತ್ತು, ಇಪ್ಪತ್ತು, ಮೂವತ್ಮೂರು. ಒಂದರಲ್ಲೂ ಚುಕ್ಕೆ ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ನಡುಗುವ ಕೈಯೇ ಇಟ್ಟ ಚುಕ್ಕೆಗಳವು. ಹನ್ನೊಂದು ಗಂಟೆ ಹೊಡೆದಾಗ ಮರ್ವಾ ಹಳದಿ ಚೀಟಿಯ ಮೊದಲನೆಯದನ್ನು ತೊಟ್ಟಿಲಿಗಿಟ್ಟಳು.

ಮುಳ್ಳು ತುದಿಗೇರಿತು. ಚುಕ್ಕೆ ಪಕ್ಕದಲ್ಲೆಲ್ಲೋ ಇತ್ತು.

ಆನ್ಸೆಲ್‌ನ ಕೈಗಳು ಜೇಬಿನಿಂದ ಹೊರಬಂದವು. "ಮತ್ತೆ ಉರುಳಿಸು" ಎಂದ.

ಮತ್ತೆ ಉರುಳಿಸಿದಳು. ಮುಳ್ಳು ಅಲ್ಲೇ ನಿಂತಿತು, ಚುಕ್ಕೆ ಅಲ್ಲೇ ಇತ್ತು. ಎರಡನೆಯದರಲ್ಲಿ ಚುಕ್ಕೆ ಪೂರಾ ಕೆಳಕ್ಕೆ. ಮೂರನೆಯದರಲ್ಲಿ ಓರೆಯೇ ಎರಡು ಪಟ್ಟು, ಚುಕ್ಕೆ ಎಡಕ್ಕೆ. ನಾಲ್ಕರಿಂದ ಎಂಟರವರೆಗೂ ಹೀಗೆಯೇ. ಒಂಬತ್ತನೆಯದು ಮಾತ್ರ ಸರಿಯಾಗಿ ಕೂತಿತು.

"ನೋಡು! ಇದು ಸರಿ ಇದೆ!" ಎಂದು ಮುದುಕ ಹಾರಿದ.

"ಯಾರ ಪರ ವಕೀಲರು ನೀವು?" ಎಂದು ಮರ್ವಾ ಗದರಿದಳು. "ಒಂಬತ್ತರಲ್ಲಿ ಒಂದು ತಾನಾಗೇ ಸರಿ ಬೀಳತ್ತೆ. ಉಳಿದ ಎಂಟು? ಚುಕ್ಕೆ ಇಡುವಾಗ ಗುಂಡು ವಾಲಿದ್ದು ಒಂದು ಕಡೆ, ಈಗ ವಾಲಿರೋದು ಇನ್ನೊಂದು ಕಡೆ. ಗುಂಡು ತಾನೇ ತಿರುಗಿ ಕೂತ್ಕೊಳ್ತಾ?"

ಆನ್ಸೆಲ್ ಗೇಜಿನ ಮೇಲೆ ಬಾಗಿ ಮುಳ್ಳನ್ನು ಮತ್ತೊಮ್ಮೆ ನೋಡಿದ.

"ನೀವು ಮದ್ದು ತುಂಬಿದ್ರಿ, ಗುಂಡು ಕೂರಿಸಿದ್ರಿ, ಉರುಳಿಸಿದ್ರಿ, ಚುಕ್ಕೆ ಇಟ್ರಿ. ಕೆಲಸ ಮುಗೀತು. ಆಮೇಲೆ ಯಾರೋ ಬಂದು ಹನ್ನೊಂದು ಗುಂಡು ಕಿತ್ತು, ನಿಮ್ಮ ಮದ್ದು ಸುರಿದು, ಬೇರೆ ಮದ್ದು ಹಾಕಿ, ಮತ್ತೆ ಕೂರಿಸಿದಾರೆ. ಚುಕ್ಕೆ ಯಾಕಿದೆ ಅಂತ ಅವರಿಗೆ ಗೊತ್ತಿರ್ಲಿಲ್ಲ, ಇಲ್ಲಾ ಮರೆತ್ರು. ನೀವು ನಿಯಮ ಮುರಿದಿಲ್ಲ, ಮಿಸ್ಟರ್ ರುಡ್‌ಕ್ವಿಸ್ಟ್. ಮೇಜಿನ ಮೇಲೆ ಒಂದೇ ಡಬ್ಬಿ ಇತ್ತು."

ಮುದುಕ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವು ನಡುಗುತ್ತಲೇ ಇದ್ದವು. ಆಮೇಲೆ ಅವನ ಭುಜಗಳೂ ನಡುಗತೊಡಗಿದವು, ಗಡ್ಡದ ಮೇಲೆ ಕಣ್ಣೀರು ಇಳಿಯಿತು. ಮೂರು ದಿನದಿಂದ ಎದೆಯ ಮೇಲಿದ್ದ ಕಲ್ಲು ಉರುಳಿದ್ದು ಅವನ ಮುಖದಲ್ಲೇ ಕಾಣುತ್ತಿತ್ತು. ಪೊಲೀಸಿನವರು ಅಳಬಾರದೆಂದು ಯಾವ ಕಾನೂನಿನಲ್ಲೂ ಇಲ್ಲವಾದ್ದರಿಂದ ಮರ್ವಾಳೂ ತೋಳಿನಿಂದ ಕಣ್ಣೊರೆಸಿಕೊಂಡಳು.

ಬಾಗಿಲು ಕಾಲಿನಿಂದ ತಳ್ಳಿಸಿಕೊಂಡು ತೆರೆಯಿತು. ಆನ್ಸೆಲ್‌ನ ಹೆಂಡತಿ ಇಡೆಲ್ಲಾ ದೊಡ್ಡ ತಟ್ಟೆ ಹೊತ್ತು ನಿಂತಿದ್ದಳು. ಮಾಂಸ, ಬೀನ್ಸು ಹಾಕಿ ಖಾರವಾಗಿ ಬೇಯಿಸಿದ ಬಿಸಿ ಚಿಲ್ಲಿಯ ಮೂರು ಬಟ್ಟಲು, ಪಕ್ಕದಲ್ಲಿ ದಾಲ್ಚಿನ್ನಿ ಸುರುಳಿ ಬನ್ನುಗಳು.

"ಕರ್ಕೊಂಡು ಹೋಗೋದಾದ್ರೆ ಊಟ ಮಾಡಿಸ್ಕೊಂಡು ಕರ್ಕೊಂಡು ಹೋಗು, ಚಿನ್ನ. ಶನಿವಾರದಿಂದ ಒಂದು ತುತ್ತೂ..." ಎಂದವಳು ಗಂಡನ ಮುಖ ನೋಡಿ ನಿಂತುಬಿಟ್ಟಳು. "ಏನಾಯ್ತು?"

"ನಾನಲ್ಲ, ಇಡೆಲ್ಲಾ" ಎಂದ ಆನ್ಸೆಲ್. "ನಾನಲ್ಲ ಅಂತೆ."

"ಅದನ್ನ ನಾನು ಶನಿವಾರ ಸಂಜೇನೇ ಹೇಳ್ಲಿಲ್ವಾ? ಚಮಚಾನೂ ಅಳತೆ ನೋಡಿ ಜೋಡಿಸೋ ಮನುಷ್ಯ ಮದ್ದು ಬದಲಾಯಿಸ್ತಾನಾ? ಆದ್ರೆ ಹೆಂಡತಿ ಮಾತಿಗೆ ಗೇಜು ಬೇಕಲ್ಲ ನಿನಗೆ." ಅವಳು ತಟ್ಟೆಯನ್ನು ಕೆಳಗಿಟ್ಟು ಅವನ ತಲೆಯನ್ನು ತನ್ನ ಏಪ್ರನ್ನಿಗೆ ಒತ್ತಿಕೊಂಡಳು. "ಇನ್ನು ಕೈ ನಡುಗೋದನ್ನ ಮುಚ್ಚಿಡೋ ನಾಟಕಾನೂ ಸಾಕು. ಫೆಬ್ರವರಿಯಿಂದ ಕಾಫಿ ಅರ್ಧ ಕಪ್ಪೇ ಹಾಕಿ ಕೊಡ್ತಿದೀನಿ, ಗೊತ್ತೇ ಆಗಿಲ್ಲ ಪುಣ್ಯಾತ್ಮನಿಗೆ."

ಮರ್ವಾ ಹೊರಗೆ ಹೋಗಿ ಸರಕಾರಿ ವಕೀಲರಿಗೆ ಫೋನ್ ಮಾಡಿದಳು. ಮಾತು ನಾಲ್ಕೇ ನಿಮಿಷ. ಒಳಬಂದಾಗ ಅವಳ ಹೆಜ್ಜೆ ಹಗುರಾಗಿತ್ತು.

"ಆರೋಪಪತ್ರ ಹರಿದು ಹಾಕಿದ್ರು. ಈಗ ಚಿಲ್ಲಿ ಕೊಡಿ ಇಲ್ಲಿ."

ಮೂವರೂ ಮೇಜಿನ ಸುತ್ತ ಕೂತು ತಿಂದರು. ಬನ್ನನ್ನು ಚಿಲ್ಲಿಯಲ್ಲಿ ಅದ್ದಿ ತಿನ್ನುತ್ತಿದ್ದ ಆನ್ಸೆಲ್ ಎರಡನೆಯ ಬಟ್ಟಲು ಕೇಳಿದ. ಅವನ ಮುಖಕ್ಕೆ ಬಣ್ಣ ಮರಳಿತ್ತು.

"ಇನ್ನೊಂದು ಮಾತಿದೆ ಟಾಲಂಡ್" ಎಂದ, ತುಟಿ ಒರೆಸಿಕೊಳ್ಳುತ್ತ. "ತಪ್ಪು ನಂದೇ ಅಂತ ಇದ್ದಾಗ ಅದನ್ನ ಹೇಳಿ ಏನು ಪ್ರಯೋಜನ ಅಂತ ಸುಮ್ನಿದ್ದೆ. ಹೇಳೋಕೆ ಸ್ವಲ್ಪ ನಾಚಿಕೆ ಕೂಡ."

"ಹೇಳಿ."

"ಆ ತೋಟಾಗಳು ಕಾರ್ವಿನ್‌ದಲ್ಲ. ನಂದು."

ಮರ್ವಾಳ ಚಮಚ ನಿಂತಿತು. "ಹಸಿರು ಡಬ್ಬದ ಮೇಲೆ ಅವನ ಹೆಸರಿದೆಯಲ್ಲ?"

"ಡಬ್ಬ ಅವನದು. ಒಳಗಿದ್ದದ್ದು ನಂದು. ನಮ್ಮಿಬ್ಬರ ರೈಫಲ್ಲೂ ಒಬ್ಬನೇ ಕಮ್ಮಾರ ಒಂದೇ ಕೊರೆಯುಳಿ ಹಿಡಿದು ಕೊರೆದದ್ದು, ಅವನ ತೋಟಾ ನನಗಾಗತ್ತೆ, ನನ್ನದು ಅವನಿಗಾಗತ್ತೆ. ಇಬ್ಬರಿಗೂ ತುಂಬೋನು ನಾನೇ. ಅವನದನ್ನ ತುಂಬಿದ ದಿನ ಕೈ ತುಂಬಾ ನಡುಗ್ತಿತ್ತು, ಓರೆ ಜಾಸ್ತಿ ಬಂತು. ನನ್ನದು ಚೆನ್ನಾಗಿ ಬಂದಿತ್ತು. ಹನ್ನೊಂದು ವರ್ಷದಿಂದ ಎರಡನೇ ಸ್ಥಾನ ಪಾಪ ಅವನಿಗೆ, ನನ್ನಿಂದಾಗಿ. ನನಗಿದು ಕೊನೇ ವರ್ಷವೋ ಏನೋ, ಒಂದು ಸಲ ಗೆಲ್ಲಲಿ ಅಂದ್ಕೊಂಡೆ. ಶನಿವಾರ ಬೆಳಿಗ್ಗೆ ಮೈದಾನದಲ್ಲಿ, ಅವನು ಹೆಸರು ಬರೆಸೋಕೆ ಹೋದಾಗ, ನನ್ನ ಟ್ರಕ್ಕಿನ ಹಿಂದೆ ನಿಂತು ನನ್ನ ನೀಲಿ ಡಬ್ಬದವನ್ನ ಅವನ ಹಸಿರು ಡಬ್ಬಕ್ಕೆ ಹಾಕ್ದೆ, ಅವನದನ್ನ ನನ್ನದಕ್ಕೆ."

"ಅವನಿಗೆ ಗೊತ್ತಾ?"

"ಗೊತ್ತಾದ್ರೆ ತಗೋತಾನಾ? ದಾನ ಅಂತ ಮುಖ ಊದಿಸ್ಕೋತಾನೆ. ಯಾರಿಗೂ ಗೊತ್ತಿಲ್ಲ."

"ಮುದಿ ಗೂಬೆ" ಎಂದಳು ಇಡೆಲ್ಲಾ, ಅಭಿಮಾನದಿಂದ.

ಮರ್ವಾ ಬಟ್ಟಲನ್ನು ಮೆಲ್ಲಗೆ ದೂರ ಸರಿಸಿದಳು. ಹಾಗಾದರೆ ಮದ್ದು ಬದಲಾದಾಗ ಆ ತೋಟಾಗಳು ನೀಲಿ ಡಬ್ಬದಲ್ಲಿದ್ದವು. ಯಾರೋ ಸಿಡಿಸಬೇಕೆಂದಿದ್ದು ಕಾರ್ವಿನ್‌ನ ರೈಫಲ್ಲನ್ನಲ್ಲ. ಅವರು ಸಾಯಿಸಬೇಕೆಂದಿದ್ದವನು ಈಗ ಅವಳೆದುರು ಕೂತು ಬನ್ನು ಮುರಿಯುತ್ತಿದ್ದ.

"ಈ ಷೆಡ್ಡಿನ ಕೀಲಿ ಯಾರ್ಯಾರ ಹತ್ರ ಇದೆ?" ಎಂದು ಕೇಳುವಷ್ಟರಲ್ಲಿ ಅವಳ ಫೋನ್ ಗುಂಯ್‌ಗುಟ್ಟಿತು. ಹೇಳಿಕೆ ಪಡೆಯಲೆಂದು ಆಸ್ಪತ್ರೆಯಲ್ಲಿ ಕಾದಿದ್ದ ಡೆಪ್ಯುಟಿ ಸ್ಟ್ರಾಂಡ್. ಮೂವರಿಗೂ ಕೇಳಲೆಂದು ಅವಳು ಸ್ಪೀಕರ್ ಒತ್ತಿದಳು.

"ಮೇಡಂ, ಕಾರ್ವಿನ್‌ಗೆ ಎಚ್ಚರ ಆಯ್ತು! ಈಗಷ್ಟೇ. ಮಾತೂ ಆಡ್ದ."

ಇಡೆಲ್ಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆನ್ಸೆಲ್ ಎದ್ದೇ ನಿಂತ.

"ಏನಂದ?" ಎಂದಳು ಮರ್ವಾ.

"ಒಂದೇ ಮಾತು. 'ಆನ್ಸೆಲ್ ಬದುಕಿದಾನಾ?' ಅಂತ. ತನ್ನ ಕೈ ಬಗ್ಗೆ ಕೇಳ್ಲಿಲ್ಲ, ಕಣ್ಣಿನ ಬಗ್ಗೆ ಕೇಳ್ಲಿಲ್ಲ. ನರ್ಸು ಕಣ್ಣೀರು ಹಾಕಿದ್ಲು ಮೇಡಂ."

"ಕೇಳಿದ್ಯಾ ಇಡೆಲ್ಲಾ?" ಆನ್ಸೆಲ್‌ನ ದನಿ ತೇವವಾಗಿತ್ತು. "ಆ ಸ್ಥಿತೀಲೂ ನನ್ನನ್ನ ಕೇಳ್ತಾನೆ. ನಡಿ, ನಾನೀಗ್ಲೇ ಹೋಗ್ಬೇಕು. ಬನ್ನು ಕಟ್ಟಿಕೊಡು ಅವನಿಗೆ."

ಗಂಡ ಹೆಂಡತಿ ಟೋಪಿ, ಕೋಟು ಎಂದು ಗಲಾಟೆ ಮಾಡುತ್ತ ಅಂಗಳಕ್ಕಿಳಿದರು. ಇಷ್ಟು ಸಂತೋಷ ಆ ಮನೆ ಹೊಕ್ಕು ಎಷ್ಟು ದಿನವಾಗಿತ್ತೋ. ಮರ್ವಾ ಮಾತ್ರ ಕೂತಲ್ಲೇ ಕೂತಿದ್ದಳು.

ಶನಿವಾರ ಕಾರ್ವಿನ್ ಹೊಡೆಯುತ್ತಿದ್ದಾಗ ಗುರಿಹಲಗೆ ಇಳಿಸಿ ಏರಿಸುವ ಪಾಳಿ ಆನ್ಸೆಲ್‌ನದು. ಸಾವಿರ ಗಜ ಆಚೆ, ಆಳೆತ್ತರದ ಮಣ್ಣಿನ ದಿಬ್ಬದ ಹಿಂದೆ ಅವನು ಕೂತಿದ್ದು ಕಾರ್ವಿನ್‌ಗೆ ಗೊತ್ತಿತ್ತು. ಇಲ್ಲಿ ರೈಫಲ್ ಸಿಡಿದರೆ ಅಲ್ಲಿದ್ದವನಿಗೆ ಏನಾದೀತು? ಆದರೆ ಮುಂದಿನ ಪಾಳಿಯಲ್ಲಿ ಹೊಡೆಯಬೇಕಾಗಿದ್ದವನು ಆನ್ಸೆಲ್, ತನ್ನ ನೀಲಿ ಡಬ್ಬದಿಂದ. ಆ ಡಬ್ಬದಲ್ಲಿ ಏನಿತ್ತೆಂದು ಬಲ್ಲವನು ಮಾತ್ರ ಕಣ್ಣು ಬಿಟ್ಟ ಕೂಡಲೇ ಆ ಪ್ರಶ್ನೆ ಕೇಳಿಯಾನು. ಪಶ್ಚಾತ್ತಾಪದಿಂದ ಕೇಳಿದನೋ, ಕೆಲಸ ಮುಗಿಯಿತೋ ಇಲ್ಲವೋ ಎಂದು ಕೇಳಿದನೋ?

ಹೊರಗೆ ಟ್ರಕ್ಕಿನ ಹಾರ್ನು ಕೂಗಿತು. "ಟಾಲಂಡ್! ಬರ್ತೀಯೋ, ನಾನೇ ಓಡಿಸ್ಲೋ?"

ಅವಳು ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಸ್ಟ್ರಾಂಡ್, ಅವನ ಪ್ರಶ್ನೆಗೆ ನೀನು ಏನು ಉತ್ತರ ಕೊಟ್ಟೆ?"

"ಇನ್ನೂ ಏನೂ ಹೇಳಿಲ್ಲ ಮೇಡಂ. ನಿಮ್ಮನ್ನ ಕೇಳಿ ಹೇಳೋಣ ಅಂತ ಹೊರಗೆ ಬಂದೆ. ಬದುಕಿದಾರೆ, ಗಟ್ಟಿಯಾಗಿದಾರೆ ಅಂದ್ಬಿಡ್ಲಾ?"

"ಬೇಡ" ಎಂದಳು ಮರ್ವಾ. "ಬಾಗಿಲಲ್ಲೇ ನಿಂತ್ಕೋ. ಒಳಗೆ ಯಾರನ್ನೂ ಬಿಡಬೇಡ. ಆನ್ಸೆಲ್ ಬದುಕಿದಾರೆ ಅಂತ ಅವನಿಗೆ ಯಾರೂ ಹೇಳಕೂಡದು."